ಸೀಗಡಿ ಮಾಡುವವನ ಮಕ್ಕಳು

ನಾನು ಸೀಗಡಿ ಮಾಡುತ್ತೇನೆ. ಹಿಡಿಯುವುದಲ್ಲ, ಬೇಯಿಸುವುದೂ ಅಲ್ಲ, ಮಾಡುವುದು. ಹೋಟೆಲುಗಳ ಕಿಟಕಿಯಲ್ಲಿ, ಗಾಜಿನ ಹಿಂದೆ, ದಾರಿಹೋಕರ ಬಾಯಲ್ಲಿ ನೀರೂರಿಸಲೆಂದು ಇಡುವ ತಟ್ಟೆಗಳಿವೆಯಲ್ಲ, ಎಷ್ಟು ತಿಂಗಳಾದರೂ ಹಳಸದ, ನೊಣ ಬಂದು ಕೂತು ಪೆಚ್ಚಾಗಿ ಎದ್ದುಹೋಗುವ ತಟ್ಟೆಗಳು, ಅವು ನಮ್ಮ ಕಾರ್ಖಾನೆಯವು. ಕಾರ್ಖಾನೆ ಎಂಬುದು ದೊಡ್ಡ ಮಾತಾಯಿತು. ಒಂದು ಶೆಡ್ಡು, ಎರಡು ಒಲೆ, ಆಗಾಗ ನಿಂತುಹೋಗುವ ಒಂದು ಫ್ಯಾನು, ಯಜಮಾನರು, ನಾನು. ದ್ರವ ಪ್ಲಾಸ್ಟಿಕ್ಕಿಗೆ ಬಣ್ಣ ಕಲಸಿ, ರಬ್ಬರ್ ಅಚ್ಚಿಗೆ ಸುರಿದು, ಒಲೆಯಲ್ಲಿ ಗಟ್ಟಿ ಮಾಡಿ, ಬಿಡಿಸಿ, ಅಂಚು ಕೆರೆದು, ಕೂದಲೆಳೆಯಂಥ ಕುಂಚದಿಂದ ಸೀಗಡಿಯ ಬೆನ್ನಿಗೆ ಕೆಂಪು ಪಟ್ಟೆ ಎಳೆಯುವವನು ನಾನು. ಅದರ ಮೇಲೆ ಒಂದು ಕೈ ವಾರ್ನಿಶ್ ಬಳಿದರೆ ಈಗಷ್ಟೇ ಸಮುದ್ರದಿಂದ ಎದ್ದುಬಂದು ತಲೆ ಒರೆಸಿಕೊಳ್ಳದೆ ನಿಂತ ಹಾಗಿರುತ್ತದೆ.

ಮೂರು ವರ್ಷದ ಹಿಂದಿನವರೆಗೆ ಇದೇ ಶೆಡ್ಡಿನಲ್ಲಿ ನಾವು ದವಡೆ ಮಾಡುತ್ತಿದ್ದೆವು. ಹಲ್ಲಿನ ವೈದ್ಯ ಕಲಿಯುವ ಹುಡುಗರು ಕೊರೆದು ಕೊರೆದು ಹಾಳು ಮಾಡುವುದಕ್ಕೆಂದೇ ಇರುವ ದವಡೆಗಳು. ಹನ್ನೊಂದು ವರ್ಷ ದವಡೆ, ವಸಡು, ಹುಳುಕು ಹಲ್ಲು. ಯಾರು ನಕ್ಕರೂ ಮೂವತ್ತೆರಡು ಇದೆಯೇ ಎಂದು ಎಣಿಸುವ ಚಟ ನನಗೆ ಅಂಟಿಕೊಂಡಿತ್ತು. ಹೆಂಡತಿ ನನ್ನೆದುರು ಬಾಯಿಗೆ ಸೆರಗು ಮುಚ್ಚಿಕೊಂಡೇ ನಗುತ್ತಿದ್ದಳು, ನಾಚಿಕೆಯಿಂದಲ್ಲ, ಜಾಗ್ರತೆಯಿಂದ. ಆಮೇಲೆ ಯಜಮಾನರಿಗೆ ಅದ್ಯಾವ ಗಳಿಗೆಯಲ್ಲೋ ಬುದ್ಧಿ ಬಂದು, ಹಲ್ಲು ಮಾಡುವುದಕ್ಕಿಂತ ಹಲ್ಲಿಗೆ ಸಿಗುವುದನ್ನು ಮಾಡೋಣ ಎಂದರು. ನಾನು ಬದುಕಿಕೊಂಡೆ.

ಬದುಕಿದ್ದು ಗಟ್ಟಿಯಾಗಬೇಕಿದ್ದರೆ ಒಂದು ದೊಡ್ಡ ಕೆಲಸ ಸಿಗಬೇಕಿತ್ತು. ಮಾರುಕಟ್ಟೆ ರಸ್ತೆಯಲ್ಲಿ ಹೊಸ ಜಪಾನಿ ಹೋಟೆಲ್ ತೆರೆಯುವುದರಲ್ಲಿತ್ತು. ಅದರ ಕಿಟಕಿಗೆ ಮೂವತ್ತೆರಡು ತಟ್ಟೆ ಬೇಕಿತ್ತು. ಇದು ಕೈತಪ್ಪಿದರೆ ಸೋಮವಾರದಿಂದಲೇ ಮತ್ತೆ ದವಡೆ ಎಂದು ಯಜಮಾನರು ಮೊದಲೇ ಹೇಳಿಬಿಟ್ಟಿದ್ದರು. ಹಳೆಯ ಅಚ್ಚುಗಳನ್ನು ಅಟ್ಟದಿಂದ ಇಳಿಸಿ ಧೂಳು ಬೇರೆ ಕೊಡವಿಟ್ಟಿದ್ದರು. ಅವು ಕೆಲಸದ ಮೇಜಿನ ಎದುರೇ ಸಾಲಾಗಿ ನಿಂತು ನನ್ನನ್ನು ನೋಡಿ ಹಲ್ಲು ಕಿರಿಯುತ್ತಿದ್ದವು.

ಹೋಟೆಲ್ಲಿನ ಒಡತಿಯೂ ಅಡಿಗೆಯವರೂ ಒಬ್ಬರೇ. ಜಪಾನಿನಲ್ಲಿ ಒಂಬತ್ತು ವರ್ಷ ಇದ್ದು, ಮೊದಲ ಮೂರು ವರ್ಷ ಬರೀ ಅಕ್ಕಿ ತೊಳೆದು, ಆಮೇಲಷ್ಟೇ ಚಾಕು ಮುಟ್ಟಿದವರು. ನೋಟದಲ್ಲೇ ಮನುಷ್ಯನನ್ನು ಮೂರು ಹೋಳು ಮಾಡುತ್ತಿದ್ದರು. ಬೆನ್ನ ಹಿಂದೆ ಅವರನ್ನು ಚಾಕು ಮೇಡಂ ಎನ್ನುತ್ತಿದ್ದೆವು. ಎದುರಿಗೆ ಏನೂ ಎನ್ನುತ್ತಿರಲಿಲ್ಲ. ಅವರು ಯಜಮಾನರಿಗೆ ಒಂದು ಷರತ್ತು ಹಾಕಿದ್ದರು. ಕಿಟಕಿಯ ಕೆಳಗಿನ ಸಾಲಿನಲ್ಲಿ, ಮಕ್ಕಳ ಕಣ್ಣಿನ ಎತ್ತರಕ್ಕೆ, ಮಕ್ಕಳ ತಟ್ಟೆ ಇಡುವುದು. ಆದರೆ ಮಕ್ಕಳು ತಿಂದು ನೋಡದ ತಟ್ಟೆಯನ್ನು ಅವರು ಕಿಟಕಿಗೆ ಇಡುವವರಲ್ಲ. ಭಾನುವಾರ ನಿಮ್ಮ ಮಾದರಿಯನ್ನೂ ತನ್ನಿ, ಎರಡು ಮಕ್ಕಳನ್ನೂ ತನ್ನಿ, ಎರಡನ್ನೂ ನೋಡಿ ಹೇಳುತ್ತೇನೆ ಎಂದರಂತೆ. ಯಜಮಾನರ ಮಕ್ಕಳಿಗೆ ತಲೆ ಬೋಳಾಗುವ ವಯಸ್ಸು. ಹಾಗಾಗಿ ಎರಡು ಮಕ್ಕಳೆಂದರೆ ನನ್ನವೇ ಎಂದಾಯಿತು.

ಇಲ್ಲಿ ನನ್ನ ಮಕ್ಕಳ ವಿಷಯ ಹೇಳಬೇಕು. ದೊಡ್ಡವಳಿಗೆ ಒಂಬತ್ತು. ತಟ್ಟೆಯಲ್ಲಿ ಒಂದು ಪದಾರ್ಥ ಇನ್ನೊಂದಕ್ಕೆ ತಾಗಿದರೆ ಎರಡನ್ನೂ ಮುಟ್ಟುವುದಿಲ್ಲ. ಪ್ರತಿ ತುತ್ತನ್ನೂ ತಿರುವಿ, ಮೂಸಿ, ಬೆಳಕಿಗೆ ಹಿಡಿದು, ಆಮೇಲೆ ಬೇಡ ಅನ್ನುತ್ತಾಳೆ. ಮನೆಯಲ್ಲಿ ಅವಳಿಗೆ ಇನ್‌ಸ್ಪೆಕ್ಟರ್ ಎಂದೇ ಹೆಸರು. ಐದು ವರ್ಷದ ಚಿಕ್ಕವಳನ್ನು ಅವಳ ಅಜ್ಜಿ ಪ್ರೀತಿಯಿಂದ ಹೆಗ್ಗಣ ಅನ್ನುತ್ತಾರೆ. ಪೆನ್ಸಿಲ್ಲು, ಬಾಗಿಲ ಅಂಚು, ಅಕ್ಕನ ಲೆಕ್ಕದ ಪುಸ್ತಕ, ಎಲ್ಲದರ ಮೇಲೂ ಅವಳ ಹಲ್ಲಿನ ಸಹಿ ಇದೆ. ಊಟವೊಂದನ್ನು ಬಿಟ್ಟು.

ಕಾರ್ಖಾನೆಯಲ್ಲಿ ಗುಳ್ಳೆ ಎದ್ದ, ಬಣ್ಣ ಕೆಟ್ಟ ಮಾಲೆಲ್ಲ ಆಟದ ಸಾಮಾನಾಗಿ ನಮ್ಮ ಮನೆ ಸೇರುತ್ತದೆ. ಹೆಗ್ಗಣ ಇರುವ ಮನೆಗೆ ಪ್ಲಾಸ್ಟಿಕ್ ಮೀನು ತರುವುದು ಸಣ್ಣ ಅಪಾಯವಲ್ಲ. ಆದ್ದರಿಂದ ಮೂರು ವರ್ಷದಿಂದ ನಮ್ಮ ಮನೆಯಲ್ಲಿ ಒಂದು ಕಾನೂನು: ಅನ್ನದ ಮೇಲೆ ಮೀನು ಮಲಗಿರುವ ಯಾವುದನ್ನೂ ಬಾಯಿಗೆ ಹಾಕಬಾರದು. ಹಾಕಿದರೆ ಕರುಳಿಗೆ ಅಂಟಿಕೊಂಡು, ಅಮ್ಮನ ಆಸ್ಪತ್ರೆಯಲ್ಲಿ ಹೊಟ್ಟೆ ಕುಯ್ದು ಇಕ್ಕಳದಲ್ಲಿ ಎಳೆಯುತ್ತಾರೆ. ಅವರಮ್ಮ ನರ್ಸು. ಇಕ್ಕಳ ಎಷ್ಟುದ್ದ ಇರುತ್ತದೆಂದು ಅವಳೇ ಕೈಯಳತೆಯಲ್ಲಿ ತೋರಿಸಿದ್ದಳು. ಈ ಕಾನೂನೊಂದನ್ನು ಮಾತ್ರ ಹೆಗ್ಗಣ ಯಾವತ್ತೂ ಮುರಿದಿರಲಿಲ್ಲ.

ಭಾನುವಾರಕ್ಕೆ ಒಂದು ವಾರವಿತ್ತು. ಮಕ್ಕಳಿಗೆ ಜಪಾನಿ ಊಟ ಅಭ್ಯಾಸ ಮಾಡಿಸಲು ನಾನೇ ಮಾಸ್ತರನಾದೆ. ಅಸಲಿ ಊಟ ಎಲ್ಲಿಂದ ತರಲಿ, ಹೋಟೆಲ್ಲು ಇನ್ನೂ ತೆರೆದಿಲ್ಲ. ಇದ್ದದ್ದು ಆಟದ ಡಬ್ಬಿಯಲ್ಲಿನ ಪ್ಲಾಸ್ಟಿಕ್ ಸುಶಿ, ಅದೇ ಅನ್ನದ ಮೇಲೆ ಮೀನು ಮಲಗಿರುವುದು. ಬಾಟಲಿ ಮುಚ್ಚಳದಲ್ಲಿ ತಣ್ಣನೆಯ ಕರಿ ಕಾಫಿ ಹಾಕಿ ಸೋಯಾ ಸಾಸ್ ಎಂದೆ. ಎರಡು ಕಡ್ಡಿ ಹಿಡಿಯುವುದು ಕಲಿಸಿದೆ. ಪ್ರತಿದಿನ ಸಂಜೆ ಶಾಲೆಯ ಕವಾಯತಿನ ಹಾಗೆ: ಎತ್ತು, ಅದ್ದು, ತುಟಿಯ ಹತ್ತಿರ ತಾ, ಹ್ಞೂಂ ಅನ್ನು, ಎಲ್ಲಿತ್ತೋ ಅಲ್ಲೇ ಇಳಿಸು. ಶುಕ್ರವಾರದ ಹೊತ್ತಿಗೆ ಇಬ್ಬರೂ ಎಷ್ಟು ಪಳಗಿದ್ದರೆಂದರೆ, ಜಪಾನಿನ ರಾಜ ಬಂದರೂ ಮಕ್ಕಳೇ ಸ್ವಲ್ಪ ನಿಧಾನ, ನಾನೂ ಕಲಿಯುತ್ತೇನೆ ಅನ್ನಬೇಕು. ಡ್ಯೂಟಿಗೆ ಹೊರಟಿದ್ದ ಹೆಂಡತಿ ಬಾಗಿಲಲ್ಲಿ ನಿಂತು ಎರಡು ನಿಮಿಷ ನೋಡಿದಳು.

“ಎಲ್ಲಾ ಸರಿ, ತಿನ್ನೋದು ಯಾವಾಗ ಕಲಿಸ್ತೀರಿ?” ಎಂದಳು.

ಬಾಯಿ ತೆರೆಯುವುದನ್ನೂ ಯಾರಾದರೂ ಕಲಿಸಬೇಕೇ, ಎದುರಿಗೆ ಅಸಲಿ ಬಂದರೆ ತಾನಾಗಿ ತೆರೆಯುತ್ತದೆ ಎಂದು ನಾನು ದೊಡ್ಡ ಮನುಷ್ಯನ ಹಾಗೆ ನಕ್ಕೆ. ಅವಳು ಬ್ಯಾಗು ಹೆಗಲಿಗೇರಿಸಿ, ನಿಮ್ಮ ತಲೆ, ಎಂದು ಹೇಳಿ ಹೋದಳು.

ಭಾನುವಾರ ಹೋಟೆಲ್ಲಿನಲ್ಲಿ ಹೊಸ ಮರದ ವಾಸನೆ. ಕುರ್ಚಿಗಳ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಕೂತರೆ ಒಂಥರಾ ಅಪಶಬ್ದ ಬರುತ್ತಿತ್ತು, ಹೆಗ್ಗಣ ಅದಕ್ಕಾಗಿಯೇ ನಾಲ್ಕು ಸಲ ಎದ್ದು ಕೂತಳು. ಯಜಮಾನರು ಇಸ್ತ್ರಿ ಶರ್ಟು ಹಾಕಿ, ಮಾದರಿಯ ಪೆಟ್ಟಿಗೆಯನ್ನು ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬೆವರುತ್ತಿದ್ದರು. ಚಾಕು ಮೇಡಂ ಕಟ್ಟೆಯ ಆಚೆ ನಿಂತು, ಕೈ ಒದ್ದೆ ಮಾಡಿ ಅನ್ನ ಹಿಡಿದು, ಒತ್ತಿ, ಒತ್ತಿ, ಇಬ್ಬರು ಮಕ್ಕಳಿಗೂ ಸೇರಿ ಒಂದು ತಟ್ಟೆ ಇಟ್ಟರು. ಮೊಟ್ಟೆಯ ಸುಶಿ ಎರಡು, ಬೇಯಿಸಿದ ಸೀಗಡಿಯವು ಎರಡು, ಕಡಲಪಾಚಿಯ ಹಾಳೆಯಲ್ಲಿ ಸುತ್ತಿದ ಸೌತೆಕಾಯಿ ಸುರುಳಿ ನಾಲ್ಕು, ಮೂರು ಮೂಲೆಯ ಅನ್ನದುಂಡೆ ಒಂದು, ಕರಿದ ಕೋಳಿ ಎರಡು ತುಂಡು. ಹಸಿ ಮೀನು ಇಲ್ಲ, ಮಕ್ಕಳು ತಾವಾಗಿ ಕೇಳುವವರೆಗೆ ಕೊಡುವುದಿಲ್ಲ ಎಂದರು. ಆಮೇಲೆ ಎರಡೂ ಕೈ ಕಟ್ಟಿ ನೋಡುತ್ತಾ ನಿಂತರು.

ಇನ್‌ಸ್ಪೆಕ್ಟರ್ ಕಡ್ಡಿ ಹಿಡಿದ ಚೆಂದಕ್ಕೆ ಚಾಕು ಮೇಡಮ್ಮಿನ ಹುಬ್ಬು ಒಂದು ಅಕ್ಕಿಕಾಳಿನಷ್ಟು ಮೇಲೇರಿತು. ನನ್ನ ಎದೆ ಒಂದು ಮೊಳ ಉಬ್ಬಿತು. ಅವಳು ಮೊಟ್ಟೆಯ ಸುಶಿ ಎತ್ತಿದಳು, ಅದ್ದಿದಳು, ತುಟಿಯ ಹತ್ತಿರ ತಂದಳು, ಹ್ಞೂಂ ಎಂದಳು, ಎಲ್ಲಿತ್ತೋ ಅಲ್ಲೇ ಇಳಿಸಿದಳು. ಹೆಗ್ಗಣ ಸೀಗಡಿ ಎತ್ತಿದಳು, ಅದ್ದಿದಳು, ಹ್ಞೂಂ, ಇಳಿಸಿದಳು. ಹೀಗೆ ಇಬ್ಬರೂ ಒಂದು ತುಂಡೂ ಬಿಡದೆ, ಒಂದು ಅಗುಳೂ ಚೆಲ್ಲದೆ, ಇಡೀ ತಟ್ಟೆಯನ್ನು ಒಂದು ಸುತ್ತು ಮುಗಿಸಿದರು. ತಟ್ಟೆ ಬಂದಾಗ ಹೇಗಿತ್ತೋ ಹಾಗೇ ಇತ್ತು. ಎರಡನೇ ಸುತ್ತು ಶುರುವಾಯಿತು.

“ಇವರೇನು, ಅಳತೆ ತಗೋತಿದಾರಾ?” ಎಂದರು ಚಾಕು ಮೇಡಂ.

ಯಜಮಾನರು ಕಟ್ಟೆಯ ಕೆಳಗೆ ನನ್ನ ಕಾಲಿಗೆ ಒದ್ದರು. ನಾನು ದೊಡ್ಡವಳ ಕಿವಿಗೆ ಬಾಗಿ, ನುಂಗಮ್ಮಾ ಎಂದೆ. ಅವಳಿಗೆ ಪಿಸುಮಾತು ಗೊತ್ತಿಲ್ಲ. ನುಂಗಬಾರದು ಅಂದವನು ನೀನೇ ತಾನೆ ಎಂದು ಇಡೀ ಹೋಟೆಲ್ಲಿಗೆ ಕೇಳುವ ಹಾಗೆ ಕೇಳಿದಳು. ಇದು ಬೇರೆ, ಇದು ತಿನ್ನುವುದು ಎಂದೆ. ಅವಳು ಒಪ್ಪಲಿಲ್ಲ. ಮೊಟ್ಟೆಯ ಸುಶಿಯನ್ನು ಮಗುಚಿ ಹೊಟ್ಟೆ ನೋಡಿದಳು. ನಮ್ಮ ಮಾಲಿನ ಅಡಿಯಲ್ಲಿ ಕಾರ್ಖಾನೆಯ ನಂಬರಿನ ಮುದ್ರೆ ಇರುತ್ತದೆ. ಉಗುರಿನಿಂದ ಅಂಚು ತಟ್ಟಿದಳು. ಪಕ್ಕದ್ದನ್ನೂ ಮಗುಚಿದಳು.

“ನಂಬರೇ ಇಲ್ಲ. ಎರಡೂ ಒಂದೇ ಥರ ಇಲ್ಲ. ಇದು ರಿಜೆಕ್ಟು,” ಎಂದಳು.

ನನ್ನನ್ನು ಯಾರಾದರೂ ಆ ಕ್ಷಣ ಅಚ್ಚಿಗೆ ಸುರಿದು ಒಲೆಗೆ ಇಟ್ಟಿದ್ದರೆ ಉಪಕಾರವಾಗುತ್ತಿತ್ತು. ಚಾಕು ಮೇಡಂ ಮಾತ್ರ ಸಿಟ್ಟಾಗಲಿಲ್ಲ, ಅಥವಾ ಅವರ ಸಿಟ್ಟೂ ಸಮಾಧಾನವೂ ಒಂದೇ ಮುಖದಲ್ಲಿ ವಾಸವಾಗಿದ್ದವು. ಎಷ್ಟನೇ ಕ್ಲಾಸು ಎಂದು ಕೇಳಿದರು. ನಾಲ್ಕು ಎಂದಳು. ನಿಮ್ಮಪ್ಪ ಮಾಡಿದರೆ ಹೇಗಿರುತ್ತದೆ ಎಂದರು. ನೂರು ಮಾಡಿದರೂ ಎಲ್ಲ ಒಂದೇ ಥರ ಎಂದಳು ನನ್ನ ಮಗಳು, ನನಗಾಗಿ ಹೆಮ್ಮೆಪಟ್ಟುಕೊಂಡು.

“ಸರಿ. ನಿಮ್ಮಪ್ಪ ಇದನ್ನ ಯಾವತ್ತಾದ್ರೂ ತಿಂದಿದಾರಾ?”

ಮೂರು ಹೆಂಗಸರೂ ನನ್ನ ಕಡೆ ತಿರುಗಿದರು, ಹೆಗ್ಗಣವನ್ನೂ ಸೇರಿಸಿ. ಯಜಮಾನರು ಚಾವಣಿ ನೋಡಿದರು. ವಾರವಿಡೀ ನಾನು ಆಹಾ, ಏನು ರುಚಿ, ತಿಂದವರಿಗೇ ಗೊತ್ತು ಎಂದೆಲ್ಲ ಕೊಚ್ಚಿಕೊಂಡಿದ್ದೆ. ನಿಜವೇನೆಂದರೆ ಮೂರು ವರ್ಷದಲ್ಲಿ ಎರಡು ಸಾವಿರ ಸೀಗಡಿ, ಅದಕ್ಕಿಂತ ಹೆಚ್ಚು ಮೀನಿನ ಹೋಳು ಮಾಡಿದ್ದ ನಾನು ಅಸಲಿಯದು ಒಂದನ್ನೂ ಬಾಯಿಗೆ ಹಾಕಿದವನಲ್ಲ. ಹಸಿ ಮೀನೆಂದರೆ ನನಗೆ ಭಯ. ಮಗಳ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಬಹುದಿತ್ತು, ಆದರೆ ಆ ಕಣ್ಣು ಇನ್‌ಸ್ಪೆಕ್ಟರಿನದು.

ಇಲ್ಲ ಎಂದೆ.

ಚಾಕು ಮೇಡಂ ಕೆಂಪು ಟ್ಯೂನಾ ಮೀನಿನ ಒಂದು ಹೋಳು ಕೊಯ್ದು, ಅನ್ನದ ಮೇಲೆ ಮಲಗಿಸಿ, ನನ್ನ ಮುಂದೆ ಇಟ್ಟರು. ಅದರ ಬಿಳಿ ಗೆರೆಗಳನ್ನು ಎಳೆಯುವುದರಲ್ಲಿ ನನ್ನ ಕಣ್ಣಿಗೆ ಕನ್ನಡಕ ಬಂದಿದೆ. ಆ ಗೆರೆ ಬಲ್ಲೆ, ಆ ಕೆಂಪಿನ ಡಬ್ಬಿಯ ನಂಬರು ಬಲ್ಲೆ. ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡೆ. ನಾಲಿಗೆಯ ಮೇಲೆ ಇನ್ನೊಂದು ನಾಲಿಗೆ ಬಂದು ಕೂತ ಹಾಗಾಯಿತು. ಹೊರಗೆ ಬರಬೇಕೋ ಒಳಗೆ ಹೋಗಬೇಕೋ ಎಂದು ಅದೂ ಯೋಚಿಸಿತು, ನಾನೂ ಯೋಚಿಸಿದೆ. ಆಮೇಲೆ ಅನ್ನ ಬಿಚ್ಚಿಕೊಂಡಿತು. ಹುಳಿ, ಸಿಹಿ, ಮತ್ತೆ ಒಂದು ವಿಚಿತ್ರ: ಅದು ಬೆಚ್ಚಗಿತ್ತು. ಯಾರದೋ ಅಂಗೈಯಷ್ಟು ಬೆಚ್ಚಗೆ. ಇಷ್ಟು ವರ್ಷ ಅದನ್ನು ಹಿಮದಷ್ಟು ತಣ್ಣಗೆ ಊಹಿಸಿಕೊಂಡೇ ಬಣ್ಣ ಹಾಕಿದ್ದೆ.

“ಹೇಗಿದೆ? ನಿಜ ಹೇಳು,” ಎಂದಳು ಇನ್‌ಸ್ಪೆಕ್ಟರ್.

“ಮೀನು ತಣ್ಣಗಿದೆ, ಅನ್ನ ಬೆಚ್ಚಗಿದೆ. ನಂಗೆ ಸ್ವಲ್ಪ ಭಯ ಆಯ್ತು. ಇನ್ನೊಂದು ಕೊಟ್ರೆ ತಿಂತೀನಿ.”

ಅವಳು ಇದನ್ನು ತೂಗಿ ನೋಡಿದಳು. ಆಮೇಲೆ ತಟ್ಟೆಯ ಅನ್ನದುಂಡೆಗೆ ಬೆರಳು ಚುಚ್ಚಿ, ಒಳಗೆ ಬೆಚ್ಚಗಿರುವುದನ್ನು ಖಾತ್ರಿ ಮಾಡಿಕೊಂಡು, ಪ್ಲಾಸ್ಟಿಕ್ ಒಳಗೆ ಬೆಚ್ಚಗಿರಲ್ಲ ಎಂದು ತಂಗಿಗೆ ತೀರ್ಪು ಓದಿ ಹೇಳಿದಳು. ಮೊಟ್ಟೆಯ ಸುಶಿಯನ್ನು ಅರ್ಧ ಕಚ್ಚಿದಳು. ಅಗಿದಳು. ಅವಳ ಮುಖದಲ್ಲಿ ಖುಷಿಯೇನೂ ಕಾಣಲಿಲ್ಲ, ಆದರೆ ಕೈ ಇನ್ನೊಂದಕ್ಕೆ ಹೋಯಿತು. ನನ್ನ ಮನೆಯ ಇತಿಹಾಸದಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟಿಲ್ಲ. ಹೆಗ್ಗಣಕ್ಕೆ ಕಾನೂನು ಬಿದ್ದುಹೋದ ಸುದ್ದಿ ತಡವಾಗಿ ಮುಟ್ಟಿತು. ಮುಟ್ಟಿದ ಮೇಲೆ ತಡೆಯಲಿಲ್ಲ. ಕಡ್ಡಿ ಬಿಸಾಕಿ, ಸೀಗಡಿಗೆ ಒಂದು ಬಾಯಿ, ಕೋಳಿಗೆ ಒಂದು ಬಾಯಿ, ಅನ್ನದುಂಡೆಯ ಮೂರು ಮೂಲೆಗೂ ಒಂದೊಂದು ಬಾಯಿ ಹಾಕಿದಳು. ಯಾವುದನ್ನೂ ಮುಗಿಸಲಿಲ್ಲ, ಎಲ್ಲದಕ್ಕೂ ಮುಂಗಡ ಕೊಟ್ಟಳು.

ಯಜಮಾನರಿಗೆ ಜೀವ ಬಂದ ಹಾಗಾಯಿತು. ನೋಡಿದಿರಾ ಮೇಡಂ, ಮಕ್ಕಳು ಹೇಗೆ ಬಾರಿಸುತ್ತಿವೆ ಎಂದು ಹಲ್ಲು ಬಿಟ್ಟು, ಪೆಟ್ಟಿಗೆ ತೆರೆದು ನಮ್ಮ ಮಾದರಿಯನ್ನು ಕಟ್ಟೆಯ ಮೇಲಿಟ್ಟರು. ವಾರ್ನಿಶ್ ಫಳಫಳ. ಚಾಕು ಮೇಡಂ ಅದನ್ನು ನೋಡಿದರು. ಮಕ್ಕಳ ತಟ್ಟೆಯಲ್ಲಿ ಇನ್ನೂ ಪೂರ್ತಿಯಿದ್ದ ತಮ್ಮ ಸೀಗಡಿ ಸುಶಿಯನ್ನು ಅದರ ಪಕ್ಕಕ್ಕೆ ಹಿಡಿದು ನೋಡಿ, ಮತ್ತೆ ತಟ್ಟೆಗಿಟ್ಟರು. ಅವರದು ಸ್ವಲ್ಪ ಎಡಕ್ಕೆ ವಾಲಿಕೊಂಡು, ತುದಿಯಲ್ಲಿ ಹೆಬ್ಬೆರಳಿನ ಒಂದು ಗುಳಿ ಹೊತ್ತುಕೊಂಡು, ಈಗ ತಾನೆ ನಿದ್ದೆಯಿಂದ ಎದ್ದ ಹಾಗಿತ್ತು. ನಮ್ಮವು ಪೆರೇಡಿಗೆ ನಿಂತ ಪೊಲೀಸರ ಹಾಗೆ ನೆಟ್ಟಗಿದ್ದವು.

“ಇದು ಯಾರ ಕೈಯಡಿಗೆ?” ಎಂದು ಕೇಳಿದರು.

ಯಜಮಾನರು ಅದು ಸ್ಟ್ಯಾಂಡರ್ಡ್ ಅಳತೆ, ದೇಶ ದೇಶದಲ್ಲಿ ಹೀಗೇ ಎಂದು ಏನೇನೋ ಹೇಳಿದರು. ಅವರು ಕೇಳಿಸಿಕೊಂಡು, ನಿಮ್ಮ ಮೇಲೆ ನನಗೇನೂ ಕೋಪವಿಲ್ಲ, ಆದರೆ ಕಿಟಕಿಯಲ್ಲಿ ಇದನ್ನು ನೋಡಿ ಒಳಗೆ ಬಂದವನಿಗೆ ನಾನು ಕೊಡುವುದು ಬೇರೆಯದೇ ಆಗಿರುತ್ತದೆ, ಅವನು ನನ್ನನ್ನು ಬೈಯುತ್ತಾನೆ ಎಂದರು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಇನ್ನೊಂದು ಕಾರ್ಖಾನೆಯವರು ಬರುತ್ತಾರೆ, ಅವರನ್ನು ನೋಡುತ್ತೇನೆ ಎಂದು ಕೈ ಒರೆಸಿಕೊಂಡರು.

ಯಜಮಾನರು ನನ್ನತ್ತ ನೋಡಿದರು. ಆ ಕಣ್ಣಲ್ಲಿ ನನಗೆ ವಸಡಿನ ಗುಲಾಬಿ ಬಣ್ಣ ಕಂಡಿತು, ಬಕೆಟ್ಟುಗಟ್ಟಲೆ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ಹೋಟೆಲ್ಲಿನವರು ಮಾಡಿದ ಅಸಲಿ ಅಡಿಗೆಯನ್ನೇ ತಂದು, ಅದರ ಮೇಲೆ ದ್ರವ ರಬ್ಬರ್ ಸುರಿದು, ಅದರಿಂದಲೇ ಅಚ್ಚು ತೆಗೆಯಬೇಕು. ಆಗ ಆ ಕೈಯ ವಾರೆ, ಕೋರೆ, ಬೆರಳಿನ ಗುರುತು ಎಲ್ಲ ಬರುತ್ತದೆ. ಯಜಮಾನರು ಅವಸರಕ್ಕೆ ಬಿದ್ದು, ಯಾವುದೋ ಫೋಟೋ ಪುಸ್ತಕ ಕೊಟ್ಟು, ಒಂದು ಚೆಂದದ ಸುಶಿ ಮಾಡು, ಅದನ್ನೇ ಇನ್ನೂರು ಸಲ ಎರಕ ಹೊಯ್ಯಿ ಎಂದಿದ್ದರು. ನಾನು ಹೊಯ್ದಿದ್ದೆ. ಈಗ ಅದನ್ನು ಹಾಗೇ ಹೇಳಿಬಿಟ್ಟೆ. ಕಟ್ಟೆಯ ಕೆಳಗೆ ಯಜಮಾನರ ಬೂಟು ನನ್ನ ಪಾದದ ಮೇಲೆ ಹತ್ತಿ ನಿಂತಿತು. ನಾನು ಅದು ನಿಂತುಕೊಂಡಿದ್ದಾಗಲೇ ಮುಂದುವರಿಸಿದೆ: ರಬ್ಬರ್ ಡಬ್ಬಿ ವ್ಯಾನಿನಲ್ಲಿದೆ, ನಿಮ್ಮ ಕೈಯದ್ದೇ ಒಂದು ತಟ್ಟೆ ಈಗಲೇ ಕೊಡಿ, ನಿಮ್ಮ ಕಣ್ಣೆದುರೇ ಅಚ್ಚು ತೆಗೆಯುತ್ತೇನೆ, ಮೂರು ಗಂಟೆ ಸಾಕು.

“ಊಟದ ಮೇಲೆ ರಬ್ಬರಾ?”

“ಹೌದು. ಆಮೇಲೆ ಅದು ಯಾರ ಬಾಯಿಗೂ ಬರಲ್ಲ.”

ಅವರು ಮರದ ಅನ್ನದ ಬಾನಿಯನ್ನು ನನ್ನ ಕಡೆ ವಾಲಿಸಿದರು. ತಳ ಕಾಣುತ್ತಿತ್ತು. ದಿನಕ್ಕೆ ಒಂದೇ ಸಲ ಅನ್ನ, ಎರಡನೇ ಸಲ ಮಾಡುವ ಅಭ್ಯಾಸ ತಮಗಿಲ್ಲ ಎಂದರು. ಇರುವುದು ಅಷ್ಟೇ ಎಂದು ಗಲ್ಲ ಎತ್ತಿ ತೋರಿಸಿದರು.

ತೋರಿಸಿದ್ದು ನನ್ನ ಮಕ್ಕಳ ತಟ್ಟೆಯನ್ನು.

“ತಿನ್ನಬೇಡ್ರೇ,” ಎಂದು ಕೂಗಿದೆ.

ಇನ್‌ಸ್ಪೆಕ್ಟರಿನ ಕೆನ್ನೆ ಉಬ್ಬಿತ್ತು. ಉಬ್ಬಿದ ಕೆನ್ನೆಯಲ್ಲೇ, “ತಿನ್ನು ಅಂತೀಯ, ತಿನ್ನಬೇಡ ಅಂತೀಯ. ಯಾವುದಾದ್ರೂ ಒಂದು ಹೇಳು,” ಎಂದಳು.

ನಾವು ಮೂವರು ದೊಡ್ಡವರೂ ತಟ್ಟೆಯ ಸುತ್ತ ಬಾಗಿದೆವು. ಮೊಟ್ಟೆಯ ಸುಶಿ ಒಂದು ಮಾಯ, ಒಂದು ಅರ್ಧ. ಕೋಳಿಯಲ್ಲಿ ಗುಹೆ. ಸೌತೆಕಾಯಿ ಸುರುಳಿಯಲ್ಲಿ ನಡುವಿನ ಸೌತೆಕಾಯಿಯನ್ನು ಮಾತ್ರ ಯಾರೋ ಹೀರಿದ್ದರು. ಅನ್ನದುಂಡೆಗೆ ಈಗ ಮೂಲೆಗಳೇ ಇರಲಿಲ್ಲ. ಒಂದು ಸೀಗಡಿಯ ಸೊಂಟದಲ್ಲಿ ಐದು ಪುಟ್ಟ ಹಲ್ಲು ಸ್ಪಷ್ಟವಾಗಿ ಮೂಡಿದ್ದವು. ಪೂರ್ತಿ ಉಳಿದಿದ್ದದ್ದು ಇನ್ನೊಂದು ಸೀಗಡಿ, ಅದು ಹೆಗ್ಗಣದ ಕೈಯಲ್ಲಿತ್ತು. ಯಜಮಾನರು ತಲೆಯ ಮೇಲೆ ಕೈ ಹೊತ್ತು ಕೂತರು, ಎಂಜಲು ತಟ್ಟೆಯನ್ನು ಯಾರಾದರೂ ಕಿಟಕಿಯಲ್ಲಿ ಇಡುತ್ತಾರಾ ಎಂದು ಗೊಣಗಿದರು.

ಚಾಕು ಮೇಡಂ ಕಟ್ಟೆ ಬಳಸಿ ಈಚೆ ಬಂದರು. ಹೆಗ್ಗಣದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕಣ್ಣನ್ನು ಅವಳ ಕಣ್ಣಿನ ಮಟ್ಟಕ್ಕೆ ತಂದು, ಅಲ್ಲಿಂದ ತಟ್ಟೆ ನೋಡಿದರು. ಬಹಳ ಹೊತ್ತು ನೋಡಿದರು. ಹೆಗ್ಗಣವೂ ಕೈಯಲ್ಲಿದ್ದುದನ್ನು ಮರೆತು ಅವರನ್ನೇ ನೋಡಿದಳು.

“ಇದನ್ನೇ ಮಾಡಿ,” ಎಂದರು. “ಹೀಗೇ. ಕಚ್ಚಿದ್ದು ಕಚ್ಚಿದ ಹಾಗೆ. ಹೊರಗೆ ನಿಂತ ಮಗು ಮೊದಲು ನೋಡೋದು ಬೇರೆ ಮಗು ತಿಂದಿದೆಯಾ ಅಂತ.”

ಯಜಮಾನರು ಬಾಯಿ ತೆರೆದರು, ನಾನು ನನ್ನ ಬೂಟನ್ನು ಅವರ ಪಾದದ ಮೇಲೆ ಇಟ್ಟೆ. ಉಳಿದ ಮೂವತ್ತೊಂದು ತಟ್ಟೆಗೆ ದಿನಕ್ಕೊಂದರಂತೆ ತಾವೇ ಅಡಿಗೆ ಮಾಡಿಕೊಡುವುದಾಗಿ ಮೇಡಂ ಹೇಳಿದರು. ಒಂದು ತಟ್ಟೆ ರಬ್ಬರಿಗೆ, ಅದರ ಜೋಡಿ ತಟ್ಟೆ ನನ್ನ ಹೊಟ್ಟೆಗೆ. ತಿನ್ನದವನ ಕೈಯಿಂದ ತಮ್ಮ ಅಡಿಗೆ ಮಾಡಿಸುವುದಿಲ್ಲವಂತೆ. ನಾನು ತಲೆಯಾಡಿಸಿದೆ. ಮೂವತ್ತೊಂದು ಸಲ ನಾಲಿಗೆಯ ಮೇಲೆ ನಾಲಿಗೆ. ದವಡೆಗೆ ಹೋಲಿಸಿದರೆ ಅದೇನು ಮಹಾ.

ವ್ಯಾನಿನಿಂದ ಡಬ್ಬಿ ತಂದು, ತಟ್ಟೆಯ ಸುತ್ತ ರಟ್ಟಿನ ಗೋಡೆ ಕಟ್ಟಿ, ರಬ್ಬರ್ ಕಲಸಿದೆ. ಸುರಿಯಬೇಕು ಅನ್ನುವಾಗ ಯಜಮಾನರು ಹೆಗ್ಗಣದ ಕೈಯಲ್ಲಿದ್ದ ಸೀಗಡಿಯನ್ನು ಕೇಳಿದರು; ಅದೊಂದಾದರೂ ಪೂರ್ತಿ ಇದೆ, ತಟ್ಟೆಗೆ ಮರ್ಯಾದೆ ಬರುತ್ತದೆ ಎಂದರು. ಅವಳು ನನ್ನ ಮುಖ ನೋಡಿದಳು. ಕಲಸಿದ ರಬ್ಬರ್ ಬೇಗ ಗಟ್ಟಿಯಾಗುತ್ತದೆ, ಕಾಯುವುದಿಲ್ಲ. ಹುಟ್ಟಿದಾಗಿನಿಂದ ಈ ಮಗುವಿನ ಬಾಯಿಂದ ನಾನು ಏನೇನನ್ನೋ ಎಳೆದು ತೆಗೆದಿದ್ದೇನೆ. ಗುಂಡಿ, ಸೀಮೆಸುಣ್ಣ, ಚಪ್ಪಲಿಯ ಪಟ್ಟಿ. ತಾನಾಗಿ ತಿನ್ನಲು ಹಿಡಿದುಕೊಂಡ ಊಟ ಅದೇ ಮೊದಲು.

ತಿನ್ನು ಎಂದೆ.

ಅವಳು ಅವಸರ ಮಾಡಲಿಲ್ಲ. ಬಾಲದಿಂದ ಶುರುಮಾಡಿ, ನಡುನಡುವೆ ಕುರ್ಚಿಯ ಮೇಲೆ ಕುಣಿದು ಅಪಶಬ್ದ ಮಾಡುತ್ತಾ, ಕೊನೆಯ ಅಗುಳಿನವರೆಗೂ ತಿಂದಳು. ನಾನು ರಬ್ಬರ್ ಗಟ್ಟಿಯಾಗದಂತೆ ಕಲಕುತ್ತಲೇ ಇದ್ದೆ. ಮುಗಿಸಿ ಬೆರಳು ನೆಕ್ಕಿಕೊಂಡ ಮೇಲೆ ಸುರಿದೆ. ಆ ಸೀಗಡಿ ಮೊದಲು ಕೂತಿದ್ದ ಜಾಗ ಖಾಲಿ, ಅಲ್ಲಿ ಐದು ಅಗುಳು ಮಾತ್ರ ತಟ್ಟೆಗೆ ಅಂಟಿಕೊಂಡಿದ್ದವು. ಬೇರೆಲ್ಲವನ್ನೂ, ಹಲ್ಲಿನ ಗುರುತುಗಳ ಸಮೇತ, ನಾನು ಎರಡು ದಿನದಲ್ಲಿ ಮಾಡಿ ಮುಗಿಸಿದೆ. ಅಲ್ಲಿದ್ದುದನ್ನು ಒಂದು ಮಗು ಪೂರ್ತಿ ತಿಂದಿದೆ ಎಂದು ನೋಡಿದವರಿಗೆ ಗೊತ್ತಾಗಬೇಕಿದ್ದ ಆ ಐದು ಅಗುಳಿಗೆ ನಾಲ್ಕು ದಿನ ಹಿಡಿಯಿತು.